ಗಾನಕ್ಕೊಂದು ಗೇಣು ಜಾಗ

ಸಂಸಾರದ ಕಷ್ಟಗಳನ್ನು ಎಣಿಸತೊಡಗಿದವರು ಮೊದಲು ಹಣದ ಮುಗ್ಗಟ್ಟನ್ನು ಹೇಳುತ್ತಾರೆ. ಅನಂತರ ಕಾಯಿಲೆ ಕಸಾಲೆಗಳನ್ನು ಹೇಳುತ್ತಾರೆ. ಜಾಗದ ಮುಗ್ಗಟ್ಟನ್ನು ಎಣಿಕೆಗೆ ತರುವವರು ಕಡಮೆ. ಹಣವನ್ನಾದರೆ ಸಾಲವಾಗಿ ತರಬಹುದು. ಜಾಗವನ್ನು ಸಾಲ ಕೊಡುವ ಬ್ಯಾಂಕು ಇನ್ನೂ ಹುಟ್ಟಿಲ್ಲ. ಮನೆಗೆ ಹೊಸ ವಸ್ತುವೊಂದು ಬಂದಿತೆಂದರೆ ಹಳೆಯದೊಂದು ಎದ್ದು ದಾರಿ ಬಿಡಲೇಬೇಕು. ರೇಡಿಯೋ ಬಂದಾಗ ಗೋಡೆಯ ಗೂಡಿನಲ್ಲಿದ್ದ ಗಡಿಯಾರ ಎದ್ದಿತು. ಫ್ರಿಜ್ಜು ಬಂದಾಗ ಅಡಿಗೆಮನೆಯ ಒರಳು ಹಿತ್ತಿಲಿಗೆ ಹೋಯಿತು. ಟೆಲಿವಿಷನ್ ಬಂದಾಗ ಅಜ್ಜನ ಆರಾಮಕುರ್ಚಿ ಜಗಲಿಗೆ ಹೋಯಿತು. ಕುರ್ಚಿಯ ಹಿಂದೆಯೇ ಅಜ್ಜನೂ ಹೋದ. ಎದ್ದುಹೋದದ್ದು ವಸ್ತುವೋ ಮನುಷ್ಯನೋ ಎಂಬುದನ್ನು ನಿಂತು ನೋಡುವ ವ್ಯವಧಾನ ಹೊಸತರ ಸಂಭ್ರಮದಲ್ಲಿ ಯಾರಿಗೂ ಇರುವುದಿಲ್ಲ.

ಈ ವಾರ ನಾನು ಹೇಳಹೊರಟಿರುವುದು ಮನೆಯ ಮಾತನ್ನಲ್ಲ. ಮನೆಗಿಂತ ಬಹಳ ಕಿರಿದಾದ, ನಾಲ್ಕು ಚಕ್ರಗಳ ಮೇಲೆ ಓಡಾಡುವ ಒಂದು ಕೋಣೆಯ ಮಾತನ್ನು. ಮುಂದೆ ಚಾಲಕನೂ ಅವನ ಪಕ್ಕಕ್ಕೆ ಒಬ್ಬಿಬ್ಬರೂ ಕೂರುವಷ್ಟು ಕ್ಯಾಬಿನ್. ಹಿಂದೆ ಸರಕು ತುಂಬುವ ತೆರೆದ ತೊಟ್ಟಿ. ಪಿಕಪ್ ಎಂದು ಅದಕ್ಕೆ ಹೆಸರು. ಅಂಥ ಪಿಕಪ್ಪಿನ ಕ್ಯಾಬಿನ್ನಿನಲ್ಲಿ ಸಂಗೀತದ ಆಂಪ್ಲಿಫೈಯರ್ ಒಂದನ್ನು ಕೂರಿಸಲು ಜಾಗ ಎಲ್ಲಿದೆ ಎಂಬುದು ಪ್ರಶ್ನೆ. ಕನ್ನಡ ಎಂ. ಎ. ಮಾಡಿದವನಿಗೂ ಈ ಪ್ರಶ್ನೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹಳ್ಳಿಯಲ್ಲಿ ಕಾಲೇಜು ಮೇಷ್ಟ್ರು ಎಂದರೆ ಎಲ್ಲ ಬಲ್ಲವನೆಂದು ಎಣಿಕೆ. ಆ ಎಣಿಕೆಯನ್ನು ಕೆಡಿಸುವುದು ಮೇಷ್ಟರ ಧರ್ಮವಲ್ಲ.

ಶೃಂಗೇರಿಯಿಂದ ಸುಮಾರು 10 ಕಿಲೋಮೀಟರು ದೂರದಲ್ಲಿರುವ ಕಿಗ್ಗವನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ಋಷ್ಯಶೃಂಗೇಶ್ವರನ ದೇವಾಲಯವಿರುವ ಊರು ಅದು. ಮಳೆ ಬಾರದಿದ್ದರೆ ಬರಲೆಂದೂ ಬಂದ ಮಳೆ ನಿಲ್ಲದಿದ್ದರೆ ನಿಲ್ಲಲೆಂದೂ ಜನ ಆ ದೇವರಿಗೇ ಮೊರೆಹೋಗುತ್ತಾರೆ. ಅಲ್ಲಿಂದ ಮುಂದೆ ಐದಾರು ಕಿಲೋಮೀಟರು ನಡೆದರೆ ಸಿರಿಮನೆಯ ಜಲಪಾತ. ದಾರಿ ಕಿರಿದು, ತಿರುವು ಬಹಳ, ಇಕ್ಕೆಲದಲ್ಲೂ ಮರ. ಕಣಿವೆಯಲ್ಲಿ ಅಡಕೆಯ ತೋಟ. ಇಳಿಜಾರಿನಲ್ಲಿ ಕಾಫಿ, ಮೆಣಸು. ಮಳೆಗಾಲದಲ್ಲಿ ಒಗೆದ ಬಟ್ಟೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಬೇಕೇ ಹೊರತು ಬಿಸಿಲಿನಲ್ಲಲ್ಲ.

ಕಿಗ್ಗದ ಬಳಿ ನನ್ನ ಸೋದರಮಾವನ ಮನೆ. ಬೇಸಗೆಯ ರಜೆಗೆ ಅಲ್ಲಿಗೆ ಹೋಗುವುದು ನನ್ನ ವಾಡಿಕೆ. ಪಕ್ಕದ ಮನೆಯಲ್ಲಿ ಒಬ್ಬ ಹುಡುಗ. ಡಿಗ್ರಿ ಮುಗಿಸಿದವನು. ಅವನ ಜೊತೆಯಲ್ಲಿ ಓದಿದವರಲ್ಲಿ ಹೆಚ್ಚಿನವರು ಬೆಂಗಳೂರು ಸೇರಿದ್ದಾರೆ. ಹಬ್ಬಕ್ಕೆ ಬರುತ್ತಾರೆ, ಹಬ್ಬ ಮುಗಿದ ಮರುದಿನ ಹೋಗುತ್ತಾರೆ. ಮಲೆನಾಡಿನಲ್ಲಿ ಈಗ ಇಬ್ಬರು ಮುದುಕರೂ ಒಂದು ನಾಯಿಯೂ ಕಾಯುವ ದೊಡ್ಡ ದೊಡ್ಡ ಮನೆಗಳು ಎಷ್ಟೋ ಇವೆ. ಈ ಹುಡುಗ ಮಾತ್ರ ಬ್ಯಾಂಕಿನ ಸಾಲ ತೆಗೆದು, ಪಿಕಪ್ ಕೊಂಡು, ಊರಿನಲ್ಲೇ ಉಳಿದ. ಅಡಕೆಯ ಮೂಟೆ, ಬಾಳೆಗೊನೆ, ಗೊಬ್ಬರ, ಕೊಳೆರೋಗಕ್ಕೆ ಸಿಂಪಡಿಸುವ ಔಷಧಿಗೆ ಬೇಕಾದ ಮೈಲುತುತ್ತ, ಮದುವೆಮನೆಯ ಹಂಡೆ ಕೊಪ್ಪರಿಗೆ—ಇವೇ ಅವನ ಸರಕು. ಬೆಳಗಿನ ಐದಕ್ಕೆ ಹೊರಟರೆ ರಾತ್ರಿ ಎಂಟಕ್ಕೋ ಒಂಬತ್ತಕ್ಕೋ ಮನೆ.

ಒಂದು ಸಂಜೆ ಆತ ಬಂದು ತನ್ನ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದ. ಕಪ್ಪು ಲೋಹದ, ಮೈಮೇಲೆಲ್ಲ ಬಾಚಣಿಗೆಯಂತೆ ಏಣುಗಳುಳ್ಳ ಒಂದು ಹಲಗೆ. “ಆಂಪ್ಲಿಫೈಯರ್, ಮೇಷ್ಟ್ರೇ. ಎರಡು ಸಾವಿರ ವಾಟ್. ತಗೊಳ್ಳೋದು ಅಂತ ತೀರ್ಮಾನ ಆಗಿದೆ. ಆದರೆ ಕ್ಯಾಬಿನ್ನಲ್ಲಿ ಇಡೋದಕ್ಕೆ ಜಾಗವೇ ಇಲ್ಲ” ಎಂದ.

“ಗಾಡಿಯ ಜೊತೆಯಲ್ಲೇ ಒಂದು ರೇಡಿಯೋ ಬಂದಿರಬೇಕಲ್ಲ?” ಎಂದೆ.

“ಬಂದಿದೆ. ಎಂಜಿನ್ನಿನ ಸದ್ದಿನಲ್ಲಿ ಅದು ಹಾಡೋದು ಅದಕ್ಕೇ ಕೇಳಿಸುವುದಿಲ್ಲ” ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, “ದಿನಕ್ಕೆ ಹದಿನಾಲ್ಕು ಗಂಟೆ ಆ ಕ್ಯಾಬಿನ್ನೇ ನನ್ನ ಮನೆ. ಮನೆಯಲ್ಲಿ ನನ್ನದು ಅಂತ ಒಂದು ಸಾಮಾನು ಬೇಡವೇ?” ಎಂದ.

ಈ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ. ಊರು ಬಿಟ್ಟವರಿಗೆ ಪಟ್ಟಣ ಏನೇನೋ ಕೊಡುತ್ತದೆ. ಊರಿನಲ್ಲಿ ಉಳಿದವನಿಗೆ ಊರು ಏನು ಕೊಟ್ಟಿತು?

ವಾಹನದಲ್ಲಿ ಸುಖಸಾಧನಕ್ಕೆ ಜಾಗ ಮಾಡುವುದು ಕಿಗ್ಗದ ಮಟ್ಟಿಗೆ ಹೊಸ ಸಂಗತಿಯೇನಲ್ಲ. ಮಹಾಭಾರತದ ವನಪರ್ವದಲ್ಲಿ ಬರುವ ಋಷ್ಯಶೃಂಗನ ಕಥೆಯನ್ನು ನೆನೆಯಿರಿ. ಅಂಗರಾಜ ಲೋಮಪಾದನ ನಾಡಿನಲ್ಲಿ ಮಳೆಯಿಲ್ಲ. ತಂದೆ ವಿಭಾಂಡಕನನ್ನುಳಿದು ಬೇರೆ ಮನುಷ್ಯರ ಮುಖವನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಋಷ್ಯಶೃಂಗನನ್ನು ಕರೆತಂದರೆ ಮಳೆ ಬರುವುದೆಂದು ಬಲ್ಲವರು ಹೇಳುತ್ತಾರೆ. ಕರೆತರಲು ಒಪ್ಪಿದ ಗಣಿಕೆ ಮೊದಲು ಮಾಡಿದ ಕೆಲಸವೇನು? ನಾವೆಯ ಮೇಲೆ ಒಂದು ಆಶ್ರಮವನ್ನು ಕಟ್ಟಿಸಿದಳು. ಕೃತಕವಾದ ಮರಗಳು, ಹೂಗಳು, ಹಣ್ಣುಗಳು, ಎಲ್ಲವೂ ಆ ನಾವೆಯಲ್ಲೇ! ವಾಲ್ಮೀಕಿಯ ಬಾಲಕಾಂಡದಲ್ಲಂತೂ ಆ ಹೆಂಗಳೆಯರು ಇಂಪಾದ ದನಿಯಲ್ಲಿ ಹಾಡುತ್ತಲೇ ಮುನಿಕುಮಾರನ ಬಳಿಗೆ ಬರುತ್ತಾರೆ. ತೇಲುವ ವಾಹನದಲ್ಲಿ ಒಂದು ತಪೋವನಕ್ಕೇ ಜಾಗ ಮಾಡಿದವರಿದ್ದರೆಂದ ಮೇಲೆ, ಅದೇ ಋಷಿಯ ಊರಿನಲ್ಲಿ ಓಡುವ ವಾಹನದಲ್ಲಿ ಒಂದು ಲೋಹದ ಹಲಗೆಗೆ ಜಾಗ ದೊರೆಯದೆ ಹೋಗುವುದೇ?

ಪುರಾಣದಿಂದ ಚರಿತ್ರೆಗೆ ಬಂದರೂ ಇದೇ ಹುಡುಕಾಟ. 1930ರಲ್ಲಿ ಅಮೆರಿಕದ ಪಾಲ್ ಗ್ಯಾಲ್ವಿನ್ ಎಂಬಾತ ತನ್ನ ಕಾರ್ಖಾನೆಯಲ್ಲಿ ಮಾಡಿದ ಕಾರು ರೇಡಿಯೋವನ್ನು ಮಾರಾಟಕ್ಕೆ ತಂದು, ಅದಕ್ಕೆ ಮೋಟೊರೋಲ ಎಂದು ಹೆಸರಿಟ್ಟ. ಆ ಕಾಲದ ರೇಡಿಯೋಗಳಲ್ಲಿ ಗಾಜಿನ ವಾಲ್ವುಗಳು. ಅವುಗಳಿಗೆ ಕಾರಿನ ಬ್ಯಾಟರಿಯೊಂದೇ ಸಾಲದು. ಬೇರೆ ಬ್ಯಾಟರಿಗಳು ಬೇಕು. ಅವನ್ನು ಕಾಲಡಿಯ ಹಲಗೆ ಕಿತ್ತು ಅದರ ಕೆಳಗೆ ಹುದುಗಿಸುತ್ತಿದ್ದರು. ಯಂತ್ರ ಒಂದು ಕಡೆ, ಸ್ಪೀಕರು ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ—ಕಾರನ್ನೇ ಬಿಚ್ಚಿ ಮತ್ತೆ ಕೂಡಿಸಿದಂತೆ ಆ ಕೆಲಸ. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. 1955ರಲ್ಲಿ ಕ್ರೈಸ್ಲರ್ ಕಂಪನಿ ವಾಲ್ವುಗಳಿಲ್ಲದ, ಬರಿಯ ಟ್ರಾನ್ಸಿಸ್ಟರುಗಳ ಕಾರು ರೇಡಿಯೋವನ್ನು ಪ್ರಕಟಿಸಿತು. ಯಂತ್ರ ಕಿರಿದಾಯಿತು. ಆದರೆ ಮನುಷ್ಯನ ಸ್ವಭಾವ ನೋಡಿ: ಯಂತ್ರ ಕಿರಿದಾದಷ್ಟೂ ಉಳಿದ ಜಾಗಕ್ಕೆ ಇನ್ನಷ್ಟು ದೊಡ್ಡ ಸದ್ದನ್ನು ತಂದು ತುಂಬಿದ.

ಹುಡುಗನಿಗೆ ನಾನು ಕೊಟ್ಟ ಸಲಹೆ ಒಂದೇ: “ಹಣ ಕೊಡುವುದಕ್ಕೆ ಮೊದಲು ರಟ್ಟಿನಲ್ಲಿ ಮಾಡಿ ನೋಡು.” ಮನೆಗೆ ಬೀರು ಕೊಳ್ಳುವಾಗ ನೆಲದ ಮೇಲೆ ಸೀಮೆಸುಣ್ಣದಿಂದ ಗೀಟೆಳೆದು ನೋಡುವುದಿಲ್ಲವೇ, ಹಾಗೆ. ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಒಂದು ಮೊಳ ಉದ್ದ, ಒಂದು ಗೇಣು ಅಗಲ, ಮೂರು ಅಂಗುಲ ದಪ್ಪದ ಒಂದು ಹುಸಿ ಆಂಪ್ಲಿಫೈಯರನ್ನು ಅವನು ಮಾಡಿದ. ತಂತಿಗಳು ಬಂದು ಸೇರುವುದಕ್ಕೆ ಎರಡು ಕೊನೆಯಲ್ಲೂ ಮೂರು ಮೂರು ಬೆರಳು ಹೆಚ್ಚಿಗೆ ಬಿಡಲು ಹೇಳಿದೆ. ಅನಂತರ ಒಂದು ವಾರ ಆ ರಟ್ಟು ಪಿಕಪ್ಪಿನಲ್ಲಿ ಊರೂರು ತಿರುಗಿತು.

ಮೊದಲ ದಿನ ಅದನ್ನು ಡ್ಯಾಶ್‌ಬೋರ್ಡಿನ ಕೆಳಗೆ, ಪಕ್ಕದವನ ಕಾಲಿನ ಬಳಿ ಇಟ್ಟರು. ಮೂಟೆ ಹೊರುವ ಆಳು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ತುಳಿದ. ಸಂಜೆಯ ಹೊತ್ತಿಗೆ ಆಂಪ್ಲಿಫೈಯರ್ ದೋಸೆಯಾಗಿತ್ತು. ಎರಡನೆಯ ದಿನ ಇನ್ನೊಂದನ್ನು ಮಾಡಿ ಚಾಲಕನ ಸೀಟಿನ ಕೆಳಗೆ ತುರುಕಿದರು. ಸೀಟನ್ನು ಹಿಂದಕ್ಕೆ ಮುಂದಕ್ಕೆ ಸರಿಸುವ ಕಂಬಿ ಅದಕ್ಕೆ ತಗಲಿತು. ಅಲ್ಲಿಂದ ಜಾರಿದ ವಸ್ತು ಏನೇ ಆಗಲಿ, ಬಂದು ನಿಲ್ಲುವುದು ಬ್ರೇಕಿನ ಪೆಡಲಿನ ಅಡಿಯಲ್ಲಿ. ಆ ಆಲೋಚನೆಯನ್ನು ಅಂದೇ ಬಿಟ್ಟರು. 2005ರಲ್ಲಿ ಬಂದ ಟಾಟಾ ಏಸ್‌ನಂಥ ಪುಟ್ಟ ಗಾಡಿಯಾಗಿದ್ದರಂತೂ ಆ ಮಾತೇ ಇಲ್ಲ. ಅದರಲ್ಲಿ ಸೀಟಿನ ಕೆಳಗೆ ಎಂಜಿನ್ನೇ ಕುಳಿತಿರುತ್ತದೆ. ಮೂರನೆಯ ದಿನ ಹಿಂದಿನ ತೊಟ್ಟಿಯಲ್ಲಿ ಒಂದು ಮರದ ಪೆಟ್ಟಿಗೆ ಮಾಡಿ ಇಡೋಣವೆಂದರು. ಋಷ್ಯಶೃಂಗನ ಊರಿನಲ್ಲಿ ತೆರೆದ ತೊಟ್ಟಿಯಲ್ಲಿ ವಿದ್ಯುತ್ ಯಂತ್ರವನ್ನಿಡುವುದು ದೇವರನ್ನು ಪರೀಕ್ಷಿಸಿದಂತೆ. ಮೇ ತಿಂಗಳ ಒಂದು ಮಳೆಗೇ ರಟ್ಟು ಅಂಬಲಿಯಾಯಿತು.

ಉಳಿದದ್ದು ಸೀಟಿನ ಬೆನ್ನಿಗೂ ಕ್ಯಾಬಿನ್ನಿನ ಹಿಂಗೋಡೆಗೂ ನಡುವಿನ ಸಂದು. ಅಲ್ಲಿ ಏನೇನಿತ್ತು ಎಂಬುದನ್ನು ಹೇಳಿದರೆ ನಿಮ್ಮ ಮನೆಯ ಅಟ್ಟ ನೆನಪಾದೀತು: ಜಾಕಿ, ಚಕ್ರ ಬಿಚ್ಚುವ ಸ್ಪ್ಯಾನರು, ಒಂದು ಸುರುಳಿ ಹಗ್ಗ, ಮಡಿಸಿದ ಟಾರ್ಪಾಲು, ಒಂದು ಕತ್ತಿ, ಎರಡು ಕೊಡೆ, ಪ್ರಥಮ ಚಿಕಿತ್ಸೆಯ ಡಬ್ಬಿ, ಇವೆಲ್ಲದರ ಮೇಲೆ ಹುಡುಗನ ತಂದೆಯ ಕಂಬಳಿ. ಮಗನೊಡನೆ ಶೃಂಗೇರಿಗೋ ಕೊಪ್ಪಕ್ಕೋ ಹೋಗುವಾಗ ಹೊದೆಯಲೆಂದು ಅವರು ಇಟ್ಟದ್ದು. ಒಂದು ಮೊಳದ ರಟ್ಟಿಗೆ ಅಲ್ಲಿ ಜಾಗವಾಗಬೇಕಾದರೆ ಜಾಕಿಯನ್ನೋ ಚಿಕಿತ್ಸೆಯ ಡಬ್ಬಿಯನ್ನೋ ಮನೆಯಲ್ಲಿ ಬಿಡಬೇಕು. ಕಾಡಿನ ದಾರಿಯಲ್ಲಿ ರಾತ್ರಿ ಟಯರು ಪಂಕ್ಚರಾದಾಗ ಎರಡು ಸಾವಿರ ವಾಟಿನ ಸಂಗೀತ ಗಾಡಿಯನ್ನು ಎತ್ತಿ ನಿಲ್ಲಿಸಲಾರದು. “ಪಕ್ಕದ ಸೀಟನ್ನೇ ತೆಗೆಸಿಬಿಟ್ಟರೆ?” ಎಂದು ಯಾರೋ ಸೂಚಿಸಿದರು. ಎಷ್ಟು ಸೀಟು ಎಂಬುದು ಗಾಡಿಯ ನೋಂದಣಿ ಪತ್ರದಲ್ಲಿ ಬರೆದಿರುತ್ತದೆ. ಆ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಹೇಳುತ್ತದೆ. ಆ ದಾರಿಯೂ ಮುಚ್ಚಿತು.

ಹೀಗೆ ಜಾಗವಿಲ್ಲವೆಂಬುದು ಸಿದ್ಧವಾಯಿತು. ಆದರೆ ಜಾಗ ಸಾಲದಾದಾಗ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ತರುತ್ತಿರುವ ವಸ್ತು ಅಷ್ಟು ದೊಡ್ಡದಾಗಿರಬೇಕೇ? ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಸಹೋದ್ಯೋಗಿಯೊಬ್ಬರಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿದೆ. ಅವರು ಮೊದಲು ಕೇಳಿದ್ದು, “ಆ ಯಂತ್ರದ ಮಗ್ಗುಲಲ್ಲಿ ಫ್ಯೂಸು ಎಷ್ಟು ಆಂಪಿಯರಿನದು?” ಎಂದು. ಹುಡುಗ ಚಿತ್ರವನ್ನು ಹಿಗ್ಗಿಸಿ ನೋಡಿ, ಇಪ್ಪತ್ತೈದರದು ಎರಡು ಎಂದ. ಅವರು ಲೆಕ್ಕ ಹೇಳಿದರು. ಎಂಜಿನ್ ಓಡುವಾಗ ಗಾಡಿಯ ವಿದ್ಯುತ್ತು ಸುಮಾರು 14 ವೋಲ್ಟ್. ಫ್ಯೂಸು ತಡೆಯುವುದು ಒಟ್ಟು 50 ಆಂಪಿಯರ್. ಇವೆರಡನ್ನೂ ಗುಣಿಸಿದರೆ 700 ವಾಟ್. ಒಳಕ್ಕೆ ಹೋಗುವುದೇ 700 ವಾಟಾದರೆ ಹೊರಕ್ಕೆ 2,000 ವಾಟ್ ಬರುವುದು ಹೇಗೆ? ಹಸು ಕುಡಿದ ನೀರಿಗಿಂತ ಹೆಚ್ಚಿಗೆ ಹಾಲು ಕರೆದೆವೆಂದ ಹಾಗಾಯಿತು. ಒಳಹೊಕ್ಕದ್ದರಲ್ಲೂ ಒಂದು ಪಾಲು ಶಾಖವಾಗಿ ಹೋಗುತ್ತದೆ. ಎಬಿ ದರ್ಜೆ ಎಂಬ ಹಳೆಯ ಬಗೆಯ ಆಂಪ್ಲಿಫೈಯರಿನಲ್ಲಿ ಹೆಚ್ಚುಕಡಮೆ ಅರ್ಧ ಶಾಖವೇ. ಡಿ ದರ್ಜೆ ಎಂಬ ಹೊಸ ಬಗೆಯದರಲ್ಲಿ ಐದರಲ್ಲಿ ನಾಲ್ಕು ಪಾಲು ಸದ್ದಿನ ಕೆಲಸಕ್ಕೆ ಸಲ್ಲುತ್ತದೆ. ಶಾಖ ಕಡಮೆಯಾದ್ದರಿಂದ ಅದರ ಮೈಯೂ ಕಿರಿದು. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದ ಅಂಕಿಯನ್ನು ಬಿಟ್ಟು, ಆರ್‌ಎಂಎಸ್ ಎಂದು ಸಣ್ಣಕ್ಷರದಲ್ಲಿ ಬರೆದ ಅಂಕಿಯನ್ನು ನೋಡಬೇಕೆಂದು ಅವರ ಎಚ್ಚರಿಕೆ.

ಇನ್ನೊಂದು ಮಾತು ಹೇಳಿದರು. ಅದು ನನಗೆ ಬಹಳ ಹಿಡಿಸಿತು. ವಾಟನ್ನು ಇಮ್ಮಡಿ ಮಾಡಿದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರಬೇಕಾದರೆ ವಾಟು ಸುಮಾರು ಹತ್ತು ಪಟ್ಟಾಗಬೇಕು. ಎಂದರೆ, ನೂರು ವಾಟಿನವನ ಮುಂದೆ ಸಾವಿರ ವಾಟಿನವನು ಹತ್ತರಷ್ಟು ದೊಡ್ಡವನಲ್ಲ, ಎರಡರಷ್ಟು. ಅದೂ ಅಲ್ಲದೆ ಕ್ಯಾಬಿನ್ ಎಂಬುದು ಕಿರಿದಾದ, ಮುಚ್ಚಿದ ಕೋಣೆ. ಬಯಲಿನಲ್ಲಿ ಚದುರಿಹೋಗುವ ತಗ್ಗಿನ ನಾದ ಅಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ಜಾಗ ಕಡಮೆಯಿರುವಲ್ಲಿ ಬೇಕಾಗುವುದೂ ಕಡಮೆಯೇ. ಬಡವನ ಗುಡಿಸಲಿಗೆ ಒಂದು ಹಣತೆ ಸಾಕಾಗುವಂತೆ. ನಾಲ್ಕು ಸ್ಪೀಕರಿಗೆ ತಲಾ 50 ವಾಟ್ ಕೊಡುವ ಡಿ ದರ್ಜೆಯ ಪುಟ್ಟ ಯಂತ್ರ ಧಾರಾಳವಾಯಿತು. ಪೂರ್ತಿ ಬಲದಲ್ಲಿ ಹಾಡಿದರೂ ಅದು ಎಳೆಯುವುದು 250 ವಾಟ್, ಸುಮಾರು 18 ಆಂಪಿಯರ್. ಗಾಡಿಯ ಎರಡು ಹೆಡ್‌ಲೈಟುಗಳು ಸೇರಿ ತಿನ್ನುವುದರ ಇಮ್ಮಡಿ ಎನ್ನಬಹುದು.

ಇದನ್ನು ಕೇಳಿದಾಗ ನನಗೆ ಮೈಸೂರಿನ ಮಾತು ನೆನಪಾಯಿತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆಕಾಶವಾಣಿ ಎಂಬ ಹೆಸರನ್ನು ಹೊತ್ತದ್ದು ಆ ಪುಟ್ಟ ನಿಲಯ. ಮುಂದೆ ಆ ಹೆಸರು ಇಡೀ ದೇಶದ ಬಾನುಲಿಗೆ ಸಂದಿತು. ಅಲ್ಲಿ ಮೊದಲು ಬಳಸಿದ ಪ್ರೇಷಕ ಯಂತ್ರದ ಬಲ 30 ವಾಟ್! ಬಾನುಲಿಯ ಅಲೆಯನ್ನು ಹೊರಡಿಸುವ ವಾಟಿನ ಕೆಲಸ ಬೇರೆ, ಸ್ಪೀಕರನ್ನು ಅಲುಗಿಸುವ ವಾಟಿನ ಕೆಲಸ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಒಂದು ನಿಲಯ 30 ವಾಟಿನಲ್ಲಿ ಬಾಳು ತೊಡಗಿತೆಂದರೆ, ಒಬ್ಬ ಹುಡುಗನ ಎರಡು ಕಿವಿಗಳಿಗೆ ಎಷ್ಟು ಬೇಕೆಂದು ಯೋಚಿಸಬಾರದೇ?

ಹುಡುಗ ಯೋಚಿಸಿದ. ಹೊಸ ರಟ್ಟನ್ನು ಕತ್ತರಿಸಿದ: ಒಂದು ಗೇಣು ಉದ್ದ, ಅರ್ಧ ಗೇಣು ಅಗಲ, ಎರಡು ಅಂಗುಲ ದಪ್ಪ. ಸೀಟಿನ ಹಿಂದಿನ ಸಂದಿನಲ್ಲಿ ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ಜಾಕಿ, ಹಗ್ಗ, ಟಾರ್ಪಾಲು, ಚಿಕಿತ್ಸೆಯ ಡಬ್ಬಿ ಎಲ್ಲವೂ ಇದ್ದಲ್ಲಿಯೇ ಇರಬಹುದು. ಆದರೆ ಮೇಲೆ ಹರಡಿದ್ದ ಕಂಬಳಿ ಇರುವಂತಿಲ್ಲ. ಆಂಪ್ಲಿಫೈಯರಿಗೆ ಬರಿಯ ಮೈ ಹಿಡಿಸುವಷ್ಟು ಜಾಗ ಸಾಲದು. ಉಸಿರಾಡುವಷ್ಟು ಜಾಗ ಬೇಕು. ಅದರ ಏಣುಗಳಿರುವುದು ಶಾಖವನ್ನು ಗಾಳಿಗೆ ಬಿಡುವುದಕ್ಕೆ. ಬಿಸಿಗಾಳಿ ಮೇಲೇಳುವಂತೆ ಏಣುಗಳು ನೆಟ್ಟಗೆ ನಿಂತಿರಬೇಕು. ಸುತ್ತ ಎರಡು ಬೆರಳಾದರೂ ತೆರವಿರಬೇಕು. ಮೇಲೆ ಕಂಬಳಿ ಹೊದಿಸಿದರೆ ಯಂತ್ರ ಬೆವರಿ, ಬಳಲಿ, ತಾನಾಗಿ ಬಾಯಿ ಮುಚ್ಚಿಕೊಳ್ಳುತ್ತದೆ.

ಅಂದು ರಾತ್ರಿ ಮಗ ವಿಷಯವನ್ನು ತಂದೆಗೆ ಹೇಳಿದ. ನಾನೂ ಜಗಲಿಯಲ್ಲಿದ್ದೆ. ಅವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ಕಂಬಳಿಯ ಮಾತು ಬಿಡು, ಮಾಣಿ. ದುಡ್ಡಿನ ಮಾತೂ ಬಿಡು; ದುಡಿಯುವವನು ನೀನು. ಸಿರಿಮನೆ ದಾರಿಯ ತಿರುವಿನಲ್ಲಿ ಎದುರು ಬರುವವನು ಹಾರನ್ ಹೊಡೆದರೆ ನಿನಗೆ ಕೇಳಿಸುತ್ತದೆಯೋ? ಅದೊಂದನ್ನು ಹೇಳು” ಎಂದರು.

“ಕೇಳಿಸ್ತದೆ, ಅಪ್ಪಯ್ಯ.”

“ಕೇಳಿಸ್ತದೆ ಅಂತ ನೀನು ಹೇಳಿದರೆ ಆಗಲಿಲ್ಲ. ನನಗೆ ಗೊತ್ತಾಗಬೇಕು. ಮೇಷ್ಟ್ರೇ, ನೀವೇ ಹೇಳಿ. ಆ ದಾರಿಯಲ್ಲಿ ಕಣ್ಣಿಗಿಂತ ಕಿವಿ ಮುಖ್ಯ ಹೌದೋ ಅಲ್ಲವೋ?”

ಹೌದು. ಮರ ಮುಚ್ಚಿದ ತಿರುವಿನಲ್ಲಿ, ಮಂಜು ಕವಿದ ಬೆಳಗಿನಲ್ಲಿ, ಎದುರಿನ ಗಾಡಿ ಮೊದಲು ಕೇಳಿಸುತ್ತದೆ, ಆಮೇಲೆ ಕಾಣುತ್ತದೆ. ಎರಡು ಗಾಡಿಗಳು ಪಕ್ಕಪಕ್ಕ ಸಾಗುವಷ್ಟು ಅಗಲವಿಲ್ಲದ ಕಡೆ, ಹಾರನ್ ಕೊಟ್ಟು ಉತ್ತರಕ್ಕಾಗಿ ಒಂದು ಕ್ಷಣ ಕಾಯುವುದೇ ಅಲ್ಲಿನ ಪದ್ಧತಿ. ಆ ಕ್ಷಣವನ್ನು ಸಂಗೀತ ನುಂಗಿದರೆ ಎದುರಿನವನ ಜೀವಕ್ಕೆ ಜಾಗವಿಲ್ಲದಂತಾಯಿತು. ತಂದೆಯ ಪ್ರಶ್ನೆ ಕ್ಯಾಬಿನ್ನಿನ ಜಾಗದ್ದಲ್ಲ, ಕಿವಿಯ ಜಾಗದ್ದು. ನಾನೂ ಹುಡುಗನೂ ಒಂದು ವಾರ ಅಳೆದದ್ದರಲ್ಲಿ ಅದೊಂದು ಅಳತೆ ಇನ್ನೂ ಉಳಿದಿತ್ತು.

ಒಳಗಿನಿಂದ ಹುಡುಗನ ತಾಯಿ, “ಊರಲ್ಲಿ ಉಳಿದವನು ಇವನೊಬ್ಬ. ಹಾಡು ಕೇಳಲಿ ಬಿಡಿ. ಹೇಗೆ ಕೇಳಬೇಕು ಅನ್ನೋದನ್ನು ನೀವು ಹೇಳಿಕೊಡಿ” ಎಂದರು. ತಂದೆ ಮಾತಾಡಲಿಲ್ಲ. ಮರುದಿನ ಬೆಳಗ್ಗೆ ನೋಡಿದಾಗ ಕಂಬಳಿ ಜಗಲಿಯ ಗೂಟದಲ್ಲಿ ತೂಗುತ್ತಿತ್ತು.

ಶೃಂಗೇರಿಯ ಒಬ್ಬ ಎಲೆಕ್ಟ್ರಿಷಿಯನ್ ಕೆಲಸ ಮಾಡಿಕೊಟ್ಟ. ಮನೆಯಲ್ಲಿ ಇಂಥ ಗಾಡಿಯಿರುವ ಓದುಗರಿಗೆ ಪ್ರಯೋಜನವಾಗಲೆಂದು ಅವನ ಕ್ರಮವನ್ನು ಹೇಳುತ್ತೇನೆ. ಯಂತ್ರವನ್ನು ಗಾಡಿಯ ತಗಡಿಗೆ ನೇರವಾಗಿ ಬಿಗಿಯದೆ, ನೀರು ಕುಡಿಯದ ಪ್ಲೈವುಡ್ಡಿನ ತುಂಡಿಗೆ ಬಿಗಿದ. ತೂತು ಕೊರೆಯುವುದಕ್ಕೆ ಮೊದಲು ತಗಡಿನ ಆಚೆ ಕೊಳವೆಯೋ ತಂತಿಯೋ ಇದೆಯೇ ಎಂದು ಬಗ್ಗಿ ನೋಡಿದ. ನೆಲದಿಂದ ಒಂದು ಗೇಣು ಮೇಲಿಟ್ಟ; ಮಳೆಗಾಲದಲ್ಲಿ ಚಪ್ಪಲಿಯೊಡನೆ ಒಳಬರುವ ನೀರು ನೆಲದಲ್ಲೇ ನಿಲ್ಲುವುದಷ್ಟೆ. ಬ್ಯಾಟರಿಯಿಂದ ಬರುವ ದಪ್ಪ ತಂತಿಗೆ ಬ್ಯಾಟರಿಯಿಂದ ಒಂದು ಮೊಳದೊಳಗೆ ಫ್ಯೂಸು ಹಾಕಿದ. ಯಂತ್ರದ ಮಗ್ಗುಲಿನ ಫ್ಯೂಸು ಯಂತ್ರವನ್ನು ಕಾಯುತ್ತದೆ. ಈ ಫ್ಯೂಸು ಗಾಡಿಯನ್ನೂ ಗಾಡಿಯಲ್ಲಿರುವವರನ್ನೂ ಕಾಯುತ್ತದೆ. ದಾರಿಯಲ್ಲೆಲ್ಲಾದರೂ ತಂತಿಯ ಹೊದಿಕೆ ಸವೆದು ತಗಡಿಗೆ ತಗಲಿದರೆ, ಇದಿಲ್ಲದ ಗಾಡಿ ಹೊತ್ತಿಕೊಳ್ಳಬಹುದು. ತಂತಿ ತಗಡಿನ ತೂತಿನಲ್ಲಿ ನುಸುಳುವಲ್ಲಿ ರಬ್ಬರಿನ ಬಳೆ ತೊಡಿಸಿದ. ಅರ್ಥ್ ತಂತಿಯನ್ನು ಬಣ್ಣ ಕೆರೆದ ತಗಡಿಗೆ ಬಿಗಿದು, ಕಿಲುಬು ಹಿಡಿಯದಂತೆ ಗ್ರೀಸು ಸವರಿದ. ವಿದ್ಯುತ್ತಿನ ತಂತಿಯನ್ನು ಗಾಡಿಯ ಎಡಮಗ್ಗುಲಲ್ಲೂ ಹಾಡಿನ ತಂತಿಯನ್ನು ಬಲಮಗ್ಗುಲಲ್ಲೂ ತಂದ. ಎರಡನ್ನೂ ಜೊತೆಯಲ್ಲಿ ಮಲಗಿಸಿದರೆ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಕುಂಯ್ ಎಂಬ ರಾಗವೊಂದು ಎಲ್ಲ ಹಾಡಿನಲ್ಲೂ ಬೆರೆಯುತ್ತದೆಯಂತೆ. ಮಲೆನಾಡಿನ ಇಲಿಗಳ ವಿಚಾರವನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಂತಿಗಳಿಗೆಲ್ಲ ಗಟ್ಟಿ ಕೊಳವೆ ತೊಡಿಸಿಯೇ ತಂದಿದ್ದ.

ಇನ್ನು ತಂದೆಯ ಅಳತೆ. ಆ ಪರೀಕ್ಷೆ ನಡೆದದ್ದು ಮುಂದಿನ ಭಾನುವಾರ, ಸಿರಿಮನೆಯ ದಾರಿಯ ಒಂದು ತಿರುವಿನಲ್ಲಿ. ತಂದೆ ನನ್ನ ಸೋದರಮಾವನ ಜೀಪಿನಲ್ಲಿ ತಿರುವಿನ ಆಚೆ ಕುಳಿತರು. ಮಗ ಈಚೆ, ಎಂಜಿನ್ ಓಡಿಸುತ್ತ, ಕಿಟಕಿಯ ಗಾಜನ್ನು ಅರ್ಧ ಇಳಿಸಿ, ಹಾಡು ಹಾಕಿ ಕುಳಿತ. ನಾನು ಇಬ್ಬರಿಗೂ ಕಾಣುವಂತೆ ನಡುವೆ ನಿಂತೆ. ಅವರು ಹಾರನ್ ಒತ್ತಬೇಕು. ಕೇಳಿಸಿದರೆ ಇವನು ಕೈಯೆತ್ತಬೇಕು. ಮೊದಲು ಹುಡುಗ ತನ್ನ ಮನಸ್ಸಿಗೊಪ್ಪುವಷ್ಟು ಏರಿಸಿದ. ತಂದೆ ಮೂರು ಬಾರಿ ಒತ್ತಿದರು, ಕೈ ಏಳಲಿಲ್ಲ. ನಾನು ಸನ್ನೆ ಮಾಡಿದ ಮೇಲೆ ಸ್ವಲ್ಪ ಇಳಿಸಿದ. ಮತ್ತೆ ಒತ್ತಿದರು, ಅನುಮಾನದಿಂದ ಅರ್ಧ ಕೈ ಎದ್ದಿತು. ಮತ್ತಷ್ಟು ಇಳಿಸಿದ. ಈ ಬಾರಿ ಹಾರನ್ ಮುಗಿಯುವುದರೊಳಗೆ ಕೈ ನೆಟ್ಟಗೆ ಎದ್ದಿತು. ಅದೇ ಹತೋಟಿಯಲ್ಲಿ ಇನ್ನೂ ಎರಡು ಬಾರಿ ನೋಡಿದರು. ಎರಡು ಬಾರಿಯೂ ಎದ್ದಿತು. ಗುಂಡಿಯ ಆ ಜಾಗಕ್ಕೆ ಸರಿಯಾಗಿ ಹುಡುಗ ಒಂದು ಕೆಂಪು ಟೇಪಿನ ತುಣುಕನ್ನು ಅಂಟಿಸಿದ. ತಿರುವಿನ ದಾರಿಯಲ್ಲಿ ಅದೇ ಗಡಿ. ನಿದ್ದೆ ಎಳೆದರೆ ಹಾಡು ಏರಿಸುವುದಲ್ಲ, ಗಾಡಿ ನಿಲ್ಲಿಸುವುದು ಎಂಬ ಇನ್ನೊಂದು ಕರಾರನ್ನು ತಂದೆ ಅಲ್ಲಿಯೇ ಸೇರಿಸಿದರು.

ಕೆಂಪು ಗುರುತಿನ ಕೆಳಗೂ ಹಾಡು ಸ್ಪಷ್ಟವಾಗಿ, ಇಂಪಾಗಿ ಕೇಳಿಸುತ್ತಿತ್ತು. ಗಾಡಿಯ ಜೊತೆಗೆ ಬಂದ ರೇಡಿಯೋದಲ್ಲಿ ಕೇಳದಿದ್ದ ಹಿಮ್ಮೇಳವೆಲ್ಲ ಈಗ ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಒಳ್ಳೆಯ ಆಂಪ್ಲಿಫೈಯರಿನ ಗುಣ ಕೂಗುವುದರಲ್ಲಿಲ್ಲ. ಮೆಲ್ಲನೆ ಹೇಳಿದ್ದನ್ನೂ ಸೀಳದೆ, ಒಡೆಯದೆ ಹೇಳುವುದರಲ್ಲಿದೆ. ಮೇಷ್ಟರಾದ ನಮ್ಮಂಥವರೂ ಕಲಿಯಬೇಕಾದ ಗುಣ ಅದು.

ಇದು ಕಾಡಿನ ದಾರಿಯ ಮಾತಾಯಿತು. ಪಟ್ಟಣದ ಓದುಗರಾದ ನಮ್ಮ ಬೀದಿಗಳಲ್ಲಿ ರಾತ್ರಿ ಹನ್ನೊಂದಕ್ಕೆ ಕಿಟಕಿಯ ಗಾಜು ನಡುಗುವಂತೆ ಹಾಡಿಕೊಂಡು ಹೋಗುವ ಗಾಡಿಗಳನ್ನು ಕೇಳಿದ್ದೇವೆ. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಕಟ್ಟಿವೆ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಆ ಗಾಡಿಯವರು ತಮ್ಮ ಯಂತ್ರಕ್ಕೆ ತಮ್ಮ ಗಾಡಿಯಲ್ಲಿ ಜಾಗ ಮಾಡಿಕೊಂಡಿದ್ದಾರೆ, ನಿಜ. ಆದರೆ ಅದರ ಸದ್ದಿಗೆ ಜಾಗವನ್ನು ನಮ್ಮ ಮಲಗುವ ಕೋಣೆಯಲ್ಲಿ, ಓದುವ ಮಕ್ಕಳ ಮೇಜಿನ ಮೇಲೆ, ರೋಗಿಯ ದಿಂಬಿನ ಪಕ್ಕದಲ್ಲಿ ಮಾಡಿಕೊಂಡಿದ್ದಾರೆ. ಅಷ್ಟೂ ಜಾಗಕ್ಕೆ ಯಾರನ್ನೂ ಕೇಳಲಿಲ್ಲ, ಯಾವ ರಟ್ಟನ್ನೂ ಕತ್ತರಿಸಲಿಲ್ಲ.

ಹಾಗೆಂದು ತರುಣರ ಬಯಕೆಯನ್ನೆಲ್ಲ ದುಂದು ಎಂದು ತಳ್ಳಿಹಾಕುವವರ ಪಕ್ಷವನ್ನೂ ನಾನು ವಹಿಸಲಾರೆ. ದುಡಿಯುವ ಮಗನಿಗೆ, ದಿನವೆಲ್ಲ ಅಡಿಗೆಮನೆಯಲ್ಲಿರುವ ಸೊಸೆಗೆ, ಜಗಲಿಗೆ ಹೋದ ಅಜ್ಜನಿಗೆ, ತನ್ನದೆಂದು ಹೇಳಿಕೊಳ್ಳುವ ಒಂದು ಗೇಣು ಜಾಗವನ್ನು ಮನೆ ಕೊಡಬೇಕು. ಅದನ್ನು ಕೊಡುವಾಗ ಮನೆಯಲ್ಲಿ ಯಾರಾದರೂ ಒಬ್ಬರು ತಮ್ಮ ಕಂಬಳಿಯನ್ನು ಗೂಟಕ್ಕೆ ತೂಗಬೇಕಾಗುತ್ತದೆ. ಪಡೆದವನು ಆ ಕಂಬಳಿಯನ್ನು ಮರೆಯದಿದ್ದರೆ ಸಾಕು.

ಮೊನ್ನೆ ಸೋದರಮಾವ ಕಾಗದ ಬರೆದಿದ್ದಾರೆ. ಕಿಗ್ಗದಲ್ಲಿ ಮಳೆ ಹಿಡಿದಿದೆ. ಪಿಕಪ್ಪಿನ ಸಂಗೀತ ಇದುವರೆಗೆ ಕೆಟ್ಟಿಲ್ಲ. ಈಗ ಹುಡುಗನ ದೂರು ಬೇರೆಯಂತೆ: ಪೇಟೆಗೆ ಕೆಲಸವಿಲ್ಲದಿದ್ದರೂ ಅಪ್ಪಯ್ಯ ಪಕ್ಕದಲ್ಲಿ ಬಂದು ಕೂರುತ್ತಾರೆ, ಕೂತವರು ಯಕ್ಷಗಾನದ ಪದ್ಯವನ್ನೇ ಹಾಕಿಸುತ್ತಾರೆ, ಚೆಂಡೆಯ ಪೆಟ್ಟು ಬರುವಲ್ಲಿ, ತಿರುವು ದಾಟಿದ ಮೇಲೆ, ಕೆಂಪು ಗುರುತಿನಿಂದ ಒಂದು ಕೂದಲೆಳೆಯಷ್ಟು ಏರಿಸು ಎನ್ನುತ್ತಾರೆ.